ಸ್ಕಿಲ್ ಲ್ಯಾಬಿನಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೂ ಹೌಸ್ ಸರ್ಜನ್‌ಗಳಿಗೂ ಒಟ್ಟಿಗೆ ಅಭ್ಯಾಸ: ಮಾಡಿಸಿದವರು ಯಾರಾದರೂ ಇದ್ದೀರಾ?

ಕೊಪ್ಪಳದ ಬೋಧಕಿ

ಎಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಪ್ರಸೂತಿ ಶುಶ್ರೂಷೆ ಕಲಿಸುತ್ತೇನೆ. ಯಾವ ಕಾಲೇಜು ಎಂದು ದಯವಿಟ್ಟು ಕೇಳಬೇಡಿ. ನಮ್ಮಲ್ಲಿ ಸ್ಕಿಲ್ ಲ್ಯಾಬ್ ಇದೆ. ಹೆರಿಗೆಯ ಡಮ್ಮಿ, ಎಳೆಗೂಸಿನ ಡಮ್ಮಿ, ಸೂಜಿ ಚುಚ್ಚಿ ಕಲಿಯುವ ರಬ್ಬರ್ ತೋಳು, ಎಲ್ಲವೂ ಇವೆ. ತಪಾಸಣಾ ತಂಡ ಬರುವ ದಿನ ಹೊದಿಕೆ ತೆಗೆಯುತ್ತಾರೆ. ತಂಡದವರು ಊಟ ಮುಗಿಸಿ ಹೊರಟ ಮೇಲೆ ಮತ್ತೆ ಹೊದಿಸುತ್ತಾರೆ.

ವಿದ್ಯಾರ್ಥಿನಿಯರು ಒಬ್ಬೊಬ್ಬರಾಗಿ ಬಿ.ಪಿ. ನೋಡುವುದನ್ನು, ಕ್ಯಾಥೆಟರ್ ಹಾಕುವುದನ್ನು ಚೆನ್ನಾಗಿಯೇ ಕಲಿಯುತ್ತಾರೆ. ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ. ಅದೇ ಹುಡುಗಿಯರು ಹೆರಿಗೆ ವಾರ್ಡಿನಲ್ಲಿ ರಕ್ತಸ್ರಾವ ಜಾಸ್ತಿಯಾದಾಗ ಗೋಡೆಗೆ ಬೆನ್ನು ಕೊಟ್ಟು ನಿಂತಿರುತ್ತಾರೆ. ಏನು ಮಾಡಬೇಕೆಂದು ಗೊತ್ತಿಲ್ಲದೆ ಅಲ್ಲ, ಆ ಗುಂಪಿನಲ್ಲಿ ತಮ್ಮ ಜಾಗ ಯಾವುದು ಎಂಬುದು ಗೊತ್ತಿಲ್ಲದೆ. ಹತ್ತಿರದ ವೈದ್ಯಕೀಯ ಕಾಲೇಜಿನ, ಓದು ಮುಗಿಸಿ ಆಸ್ಪತ್ರೆಯಲ್ಲಿ ತರಬೇತಿಯಲ್ಲಿರುವ ಹೌಸ್ ಸರ್ಜನ್‌ಗಳನ್ನು ಕರೆಸಿ, ಹೆರಿಗೆಯ ನಂತರದ ರಕ್ತಸ್ರಾವದ ಮೇಲೆ ಜಂಟಿ ಅಭ್ಯಾಸ ಮಾಡಿಸಬೇಕೆಂದಿದ್ದೇನೆ. ವೈದ್ಯರು ಬರುತ್ತಾರೆಯೇ? ಕಣ್ಣು ಮಿಟುಕಿಸುವ, ನಾಡಿ ಬಡಿಯುವ ದುಬಾರಿ ಡಮ್ಮಿ ಬೇಕೇ ಬೇಕೇ?

ಹೌಸ್ ಸರ್ಜನ್, ಬಳ್ಳಾರಿ

ಮೇಡಂ, ಕರೆದರೆ ನಾವು ಖಂಡಿತ ಬರುತ್ತೇವೆ. ರಜೆ ಕೊಡಿಸುವುದು ಮಾತ್ರ ನಿಮ್ಮ ಜವಾಬ್ದಾರಿ.

2019ರಲ್ಲಿ ಎಂ.ಬಿ.ಬಿ.ಎಸ್. ಪಠ್ಯಕ್ರಮ ಬದಲಾದಾಗಿನಿಂದ ನಡವಳಿಕೆ, ನೀತಿ, ಸಂವಹನ ಎಂದು ಪ್ರತ್ಯೇಕ ತರಗತಿಗಳಿವೆ. ತಂಡವಾಗಿ ಕೆಲಸ ಮಾಡುವುದು ಹೇಗೆ ಎಂಬುದನ್ನು ಸ್ಲೈಡ್ ಹಾಕಿ ಹೇಳಿಕೊಟ್ಟರು. ಆ ಸಭಾಂಗಣದಲ್ಲಿ ಕುಳಿತಿದ್ದವರು ನಾವು, ಬರೀ ನಾವೇ. ನರ್ಸಿಂಗ್ ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ನೋಡಿದ್ದುಂಟು, ಒಟ್ಟಿಗೆ ಕುಳಿತು ಏನನ್ನಾದರೂ ಕಲಿತದ್ದಿಲ್ಲ. ಹೀಗಾಗಿ ನಮ್ಮ ಪರಸ್ಪರ ಪರಿಚಯವಾಗುವುದು ರಾತ್ರಿ ಎರಡು ಗಂಟೆಗೆ, ರೋಗಿಯ ಮಂಚದ ಎರಡೂ ಬದಿಯಲ್ಲಿ ನಿಂತು.

ಅರಿವಳಿಕೆ ವೈದ್ಯ, ರಾಯಚೂರು

ದುಬಾರಿ ಡಮ್ಮಿ ಬೇಡ. ನಿಮ್ಮ ಸಹೋದ್ಯೋಗಿಯೊಬ್ಬರನ್ನೇ ಬಾಣಂತಿ ಮಾಡಿ ಮಲಗಿಸಿ. ಹೊಟ್ಟೆಯ ಮೇಲೆ ಮೆತ್ತೆ, ಸೀರೆಯ ಅಡಿಯಲ್ಲಿ ಕೆಂಪು ನೀರಿನ ಚೀಲ, ನೀರು ಬಿಡಲು ಒಂದು ನಳಿಕೆ. ಚೀಲದ ಕ್ಲಿಪ್ ಬಾಣಂತಿಯ ಕೈಯಲ್ಲೇ ಇರಲಿ. ತಂಡ ಸರಿಯಾದ ಕೆಲಸ ಮಾಡಿದರೆ ಅವರು ಹರಿವು ಕಡಿಮೆ ಮಾಡುತ್ತಾರೆ, ಮಾಡದಿದ್ದರೆ ಹರಿಯಲು ಬಿಡುತ್ತಾರೆ. ಓಕುಳಿ ನೀರು ಮಾತ್ರ ಬೇಡ, ಅದರಲ್ಲಿರುವ ಸುಣ್ಣ ಚರ್ಮವನ್ನು ಕೆರಳಿಸುತ್ತದೆ. ತಿನ್ನುವ ಬಣ್ಣ ಸಾಕು. ಮಲಗಿದವರಿಗೆ ಬಾಯಿ ಇರುವುದೇ ದೊಡ್ಡ ಅನುಕೂಲ. 'ತಲೆ ಸುತ್ತುತ್ತಿದೆ ಅಕ್ಕಾ', 'ನನ್ನ ಮಗು ಎಲ್ಲಿ' ಎಂದು ಅವರು ಕೇಳಿದಾಗ ಉತ್ತರಿಸುವವರು ಯಾರು ಎಂಬುದೂ ತಂಡದ ಪರೀಕ್ಷೆಯೇ.

ಈಗ ಮುಖ್ಯ ಮಾತು. ನಾನು ಮಾಡಿಸುವ ಒಂದು ಪ್ರಸಂಗ ಹೇಳುತ್ತೇನೆ. ಬಾಣಂತಿಯ ಬಿ.ಪಿ. 160/100. ಅದನ್ನು ಕೇಸ್ ಶೀಟಿನಲ್ಲಿ ಬರೆದವಳು ನರ್ಸಿಂಗ್ ವಿದ್ಯಾರ್ಥಿನಿಯೇ. ರಕ್ತಸ್ರಾವ ಶುರುವಾಗುತ್ತದೆ, ಗರ್ಭಕೋಶ ಬಿಗಿಯಾಗದೆ ಮೆತ್ತಗಿದೆ. ಹಿರಿಯ ವೈದ್ಯರ ಪಾತ್ರದಲ್ಲಿ ನಾನು ಫೋನಿನಲ್ಲಿ 'ಮೆಥರ್ಜಿನ್ ಕೊಡಿ' ಎನ್ನುತ್ತೇನೆ. ಅದು ಗರ್ಭಕೋಶವನ್ನು ಬಿಗಿಗೊಳಿಸುವ ಔಷಧ, ಆದರೆ ರಕ್ತದೊತ್ತಡ ಹೆಚ್ಚಿರುವವರಿಗೆ ಅದನ್ನು ಕೊಡಬಾರದು ಎಂಬುದು ಕೋಣೆಯಲ್ಲಿರುವ ಎಲ್ಲರಿಗೂ ಗೊತ್ತು. ಲಿಖಿತ ಪರೀಕ್ಷೆಯಲ್ಲಿ ಬರೆದು ಪಾಸಾದವರೇ ಎಲ್ಲರೂ.

ಒಮ್ಮೆ ಆದದ್ದನ್ನು ನೋಡಿ. ಹುಡುಗಿ ಔಷಧದ ಗಾಜಿನ ಆಂಪೂಲ್ ಮುರಿದಳು, ಸಿರಿಂಜಿಗೆ ಎಳೆದಳು. ಕೇಸ್ ಶೀಟಿನ ಕಡೆ ನೋಡಿದಳು. ಸಿರಿಂಜನ್ನು ಟ್ರೇಯಲ್ಲಿ ಇಟ್ಟಳು. 'ಸರ್, ಬಿ.ಪಿ....' ಎಂದಳು. ದನಿ ಎಷ್ಟು ಸಣ್ಣದೆಂದರೆ ಪಕ್ಕದವಳಿಗೂ ಕೇಳಿಸಿರಲಿಕ್ಕಿಲ್ಲ. ಹೌಸ್ ಸರ್ಜನ್ ಹೊಟ್ಟೆ ಉಜ್ಜುತ್ತಿದ್ದ, ತಿರುಗಲಿಲ್ಲ. 'ಕೊಟ್ಟಿರಾ?' ಎಂದ. ಅವಳು ಕೊಟ್ಟಳು.

ಆಮೇಲೆ ಎಲ್ಲರೂ ವೃತ್ತಾಕಾರದಲ್ಲಿ ಕುಳಿತೆವು. ಯಾರು ತಪ್ಪು ಮಾಡಿದರು ಎಂದು ನಾನು ಕೇಳುವುದಿಲ್ಲ. ಕಂಡದ್ದನ್ನು ಹೇಳುತ್ತೇನೆ, ಆ ಹೊತ್ತಿನಲ್ಲಿ ಮನಸ್ಸಿನಲ್ಲಿ ಏನಿತ್ತು ಎಂದು ಕೇಳುತ್ತೇನೆ. ಹುಡುಗಿ ಹೇಳಿದಳು: 'ಡಾಕ್ಟರರಿಗೆ ಬಿ.ಪಿ. ಗೊತ್ತಿದ್ದೇ ಹೇಳಿರುತ್ತಾರೆ ಅಂದುಕೊಂಡೆ.' ಹೌಸ್ ಸರ್ಜನ್ ಹೇಳಿದ: 'ಬಿ.ಪಿ. ಜಾಸ್ತಿ ಇದ್ದಿದ್ದರೆ ಸಿಸ್ಟರ್ ಹೇಳುತ್ತಿದ್ದರು ಅಂದುಕೊಂಡೆ.' ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಅರ್ಧ ಗಂಟೆ ಭಾಷಣ ಮಾಡಿದ್ದರೂ ಇದು ಅವರಿಗೆ ನಾಟುತ್ತಿರಲಿಲ್ಲ.

ಹತ್ತು ನಿಮಿಷದ ಪ್ರಸಂಗಕ್ಕೆ ಇಪ್ಪತ್ತು-ಮೂವತ್ತು ನಿಮಿಷದ ಮಾತುಕತೆ ಇಟ್ಟುಕೊಳ್ಳಿ. ಹೊತ್ತಾಯಿತು ಎಂದು ಮಾತುಕತೆಯನ್ನು ಕತ್ತರಿಸುವುದಾದರೆ ಪ್ರಸಂಗವನ್ನೇ ಮಾಡಿಸಬೇಡಿ.

ರಾತ್ರಿ ಪಾಳಿ

ಡಾಕ್ಟರರೇ, ನಿಮ್ಮ ಮಾತು ಚೆನ್ನಾಗಿದೆ. ನಾನು ತಾಲ್ಲೂಕು ಮಟ್ಟದ ಆಸ್ಪತ್ರೆಯೊಂದರಲ್ಲಿ ಶುಶ್ರೂಷಾಧಿಕಾರಿ. ನನ್ನ ಪಾಳಿಯಲ್ಲಿ ತಂಡ ಎಂದರೆ ನಾನು ಮತ್ತು ಆಯಾ. ವೈದ್ಯರು ಕರೆದಾಗ ಬರುತ್ತಾರೆ. ರಕ್ತ ಬೇಕೆಂದರೆ ಜಿಲ್ಲಾ ಕೇಂದ್ರಕ್ಕೆ ಹೋಗಬೇಕು. ನಾಟಕ ಮಾಡಿಸಿ ಸಂವಹನ ಕಲಿಸಿದರೆ ಎರಡನೆಯ ನರ್ಸ್ ಹುಟ್ಟಿಬರುತ್ತಾಳೆಯೇ? ಜನ ಕೊಡದೆ ತರಬೇತಿ ಕೊಡುವುದು ಇಲಾಖೆಗೂ ಅಗ್ಗ. ನಾಳೆ ಏನಾದರೂ ಆದರೆ 'ನಿಮಗೆ ತರಬೇತಿ ಕೊಟ್ಟಿದ್ದೆವಲ್ಲ' ಎಂದು ನಮ್ಮ ಮೇಲೆಯೇ ಹಾಕಬಹುದು.

ಇನ್ನೊಂದು. ಆ ಹುಡುಗಿ ಬಾಯಿ ಬಿಡಲಿಲ್ಲ ಎನ್ನುತ್ತೀರಿ. ಬಾಯಿ ಬಿಟ್ಟವರ ಗತಿ ನಾವು ನೋಡಿದ್ದೇವೆ. ರೋಗಿಯ ಕಡೆಯವರ ಎದುರಿಗೇ 'ಡಾಕ್ಟರ್ ನೀನೋ ನಾನೋ' ಎನ್ನಿಸಿಕೊಂಡ ಮೇಲೆ ಯಾರು ಮತ್ತೆ ಮಾತನಾಡುತ್ತಾರೆ? ಮೊದಲು ಕೇಳಿಸಿಕೊಳ್ಳುವವರಿಗೆ ತರಬೇತಿ ಕೊಡಿ.

ಹಟ್ಟಿಯಿಂದ

ನಾನು ವೈದ್ಯಕೀಯ ಕ್ಷೇತ್ರದವನಲ್ಲ, ಗಣಿಯಲ್ಲಿ ದುಡಿದವನು. ಮಗಳು ನರ್ಸಿಂಗ್ ಓದುತ್ತಿದ್ದಾಳೆ, ಅದಕ್ಕೆ ಈ ಚರ್ಚೆ ಓದುತ್ತಿದ್ದೇನೆ.

ಗಣಿಯ ಶಾಫ್ಟಿನಲ್ಲಿ ಜನರನ್ನು ಇಳಿಸುವ ಪಂಜರ ಗಂಟೆಯ ಸಂಕೇತದ ಮೇಲೆ ಓಡುತ್ತದೆ. ಬಂದ ಸಂಕೇತವನ್ನು ತಿರುಗಿ ಬಾರಿಸಿ ಖಚಿತಪಡಿಸಿಕೊಳ್ಳದೆ ಯಂತ್ರ ನಡೆಸುವವನು ಪಂಜರ ಅಲುಗಿಸುವುದಿಲ್ಲ. ಓಡುತ್ತಿರುವಾಗ ಒಂದೇ ಗಂಟೆ ಎಂದರೆ ನಿಲ್ಲಿಸು. ಆ ಒಂದು ಗಂಟೆ ಬಾರಿಸಿದವನು ಫೋರ್‌ಮನ್ನೋ ಕೂಲಿಯೋ ಎಂದು ವಿಚಾರಿಸುವುದು ಆಮೇಲೆ. ಮೊದಲು ಯಂತ್ರ ನಿಲ್ಲಬೇಕು. ರಕ್ಷಣಾ ತಂಡದವರು ಬೆಂಕಿ ಬೀಳಲಿ ಬೀಳದಿರಲಿ, ಉಸಿರಾಟದ ಉಪಕರಣ ಕಟ್ಟಿಕೊಂಡು ಅಭ್ಯಾಸ ಮಾಡುತ್ತಲೇ ಇರುತ್ತಾರೆ. ಅದನ್ನು ಯಾರೂ ನಾಟಕ ಎನ್ನುವುದಿಲ್ಲ, ಸಿಸ್ಟರ್.

ಅರಿವಳಿಕೆ ವೈದ್ಯ, ರಾಯಚೂರು

ಹಟ್ಟಿಯವರೇ, ನೀವು ಹೇಳಿದ್ದನ್ನೇ ನಾವು ಹೆರಿಗೆ ಕೋಣೆಗೆ ತರಲು ಒದ್ದಾಡುತ್ತಿರುವುದು. ಗರ್ಭಕೋಶ ಬಿಗಿಗೊಳಿಸುವ ಔಷಧಕ್ಕಾಗಿ 'ಆಕ್ಸಿಟೋಸಿನ್ ಹತ್ತು ಯೂನಿಟ್, ಸ್ನಾಯುವಿಗೆ' ಎಂದು ವೈದ್ಯ ಹೇಳಿದರೆ, ಅದನ್ನೇ ತಿರುಗಿ ಹೇಳಿ, ಕೊಟ್ಟ ಮೇಲೆ 'ಕೊಟ್ಟಾಯಿತು' ಎಂದು ಗಟ್ಟಿಯಾಗಿ ಹೇಳಬೇಕು. ಹೆಸರು ಹಿಡಿದು ಹೇಳಬೇಕು. 'ಯಾರಾದರೂ ಲೈನ್ ಹಾಕಿ' (ಡ್ರಿಪ್‌ಗೆ ರಕ್ತನಾಳಕ್ಕೆ ಸೂಜಿ ಹಾಕಿ) ಎಂದರೆ ಯಾರೂ ಹಾಕುವುದಿಲ್ಲ, ಇಲ್ಲವೇ ಮೂವರು ಹಾಕಲು ಹೋಗುತ್ತಾರೆ.

ವಿಮಾನದವರು ಇದನ್ನು ಕಲಿತದ್ದು ಹೆಣಗಳ ಲೆಕ್ಕ ಕೊಟ್ಟು. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೊ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಓಡಲು ಶುರುಮಾಡಿದ್ದ ವಿಮಾನದ ಎಂಜಿನಿಯರ್, ಎದುರಿನ ವಿಮಾನ ರನ್‌ವೇ ಬಿಟ್ಟಿದೆಯೇ ಎಂದು ಸಂಶಯ ಎತ್ತಿದ್ದ. ಹಿರಿಯ ಕ್ಯಾಪ್ಟನ್ ಅದನ್ನು ತಳ್ಳಿಹಾಕಿದ. ಅಂಥ ದುರಂತಗಳ ನಂತರ 1979ರಲ್ಲಿ ನಾಸಾ ಒಂದು ಕಾರ್ಯಾಗಾರ ನಡೆಸಿತು. ಕಾಕ್‌ಪಿಟ್ ತಂಡಗಳಿಗೆ ತರಬೇತಿ ಕೊಡುವ ಪದ್ಧತಿ ಅಲ್ಲಿಂದ ಬೆಳೆಯಿತು. ಅದನ್ನು ಆಪರೇಷನ್ ಥಿಯೇಟರಿಗೆ ತಂದವರಲ್ಲಿ ಮೊದಲಿಗರು ನಮ್ಮದೇ ವಿಭಾಗದವರು: ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಡೇವಿಡ್ ಗಾಬಾ ಮತ್ತು ಸಂಗಡಿಗರು.

ರಾತ್ರಿ ಪಾಳಿ ಸಿಸ್ಟರ್ ಅವರ ಆಕ್ಷೇಪಕ್ಕೆ ಸುತ್ತಿ ಬಳಸದೆ ಉತ್ತರಿಸುತ್ತೇನೆ. ಅರ್ಧ ಒಪ್ಪುತ್ತೇನೆ. ಹೆರಿಗೆಯಲ್ಲಿ ಮಾಡಬೇಕಾದ ಕೆಲಸಗಳನ್ನು ಒಂದೊಂದಾಗಿ ಗುರುತು ಹಾಕಿಕೊಳ್ಳುವ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪಟ್ಟಿಯನ್ನು ಮೊದಲು ಪರೀಕ್ಷಿಸಿದ್ದು ನಮ್ಮ ಕರ್ನಾಟಕದ ತಾಲ್ಲೂಕು ಮಟ್ಟದ ಹೆರಿಗೆ ಕೇಂದ್ರವೊಂದರಲ್ಲಿ. ಮಾಡಲೇಬೇಕಾದ 29 ಕೆಲಸಗಳಲ್ಲಿ ಸರಾಸರಿ 10 ಮಾತ್ರ ಆಗುತ್ತಿದ್ದವು, ಪಟ್ಟಿ ಬಂದ ಮೇಲೆ 25 ಆದವು. ಎಲ್ಲರೂ ಹಿಗ್ಗಿದರು. ಆಮೇಲೆ ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ತಾಯಂದಿರ ಮೇಲೆ ದೊಡ್ಡ ಅಧ್ಯಯನ ನಡೆಯಿತು. 2017ರಲ್ಲಿ ಫಲಿತಾಂಶ ಬಂತು: ಸಿಬ್ಬಂದಿಯ ಕೆಲಸ ಸುಧಾರಿಸಿತು, ತಾಯಿ-ಮಗುವಿನ ಸಾವು ಕಡಿಮೆಯಾಗಲಿಲ್ಲ. ಪಟ್ಟಿ ಕೊಟ್ಟು, ತರಬೇತಿ ಕೊಟ್ಟು ಕೈ ತೊಳೆದುಕೊಂಡರೆ ಇಷ್ಟೇ.

ಇನ್ನರ್ಧ ಒಪ್ಪುವುದಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನ ಸೌತ್‌ಮೀಡ್ ಆಸ್ಪತ್ರೆಯಲ್ಲಿ 2000ದಿಂದ ಸೂಲಗಿತ್ತಿ ನರ್ಸ್‌ಗಳು, ಪ್ರಸೂತಿ ವೈದ್ಯರು, ಅರಿವಳಿಕೆಯವರು ಎಲ್ಲರೂ ಒಂದೇ ಕೋಣೆಯಲ್ಲಿ, ತಮ್ಮದೇ ಆಸ್ಪತ್ರೆಯಲ್ಲಿ ಪ್ರತಿವರ್ಷ ಅಭ್ಯಾಸ ಮಾಡಿದರು. ಮಗುವಿನ ಭುಜ ಸಿಕ್ಕಿಕೊಂಡ ಹೆರಿಗೆಗಳಲ್ಲಿ ಮಗುವಿಗೆ ಪೆಟ್ಟಾಗುವ ಪ್ರಮಾಣ ಶೇ 9.3ರಿಂದ ಶೇ 2.3ಕ್ಕೆ ಇಳಿಯಿತು. ಅವರು ಡಮ್ಮಿಯನ್ನು ಬೀಗದಲ್ಲಿ ಇಟ್ಟಿರಲಿಲ್ಲ, ಅಷ್ಟೇ ಅಲ್ಲ, ಯಾರೊಬ್ಬರನ್ನೂ ಹೊರಗೆ ಇಟ್ಟಿರಲಿಲ್ಲ.

ಕೇಳಿಸಿಕೊಳ್ಳುವವರಿಗೆ ತರಬೇತಿ ಬೇಕು ಎಂದಿರಲ್ಲ, ಅದಕ್ಕೆ ಪೂರ್ತಿ ಸಹಮತ. ನನ್ನ ಪ್ರಸಂಗದಲ್ಲಿ ಎರಡನೆಯ ಸುತ್ತು ಅದಕ್ಕಾಗಿಯೇ. ಹುಡುಗಿ ಗಟ್ಟಿಯಾಗಿ ಹೇಳುತ್ತಾಳೆ. ಹೌಸ್ ಸರ್ಜನ್ ಕೈಯಲ್ಲಿದ್ದ ಕೆಲಸ ಬಿಡದೆಯೇ ಅವಳ ಕಡೆ ತಿರುಗಿ 'ಸರಿ, ಬೇಡ. ಬಿ.ಪಿ. ಹೇಳಿದ್ದಕ್ಕೆ ಥ್ಯಾಂಕ್ಸ್' ಎನ್ನಬೇಕು. ಬಹಳ ಜನರಿಗೆ ಈ ಕೊನೆಯ ಪದ ಬಾಯಿಗೇ ಬರುವುದಿಲ್ಲ. ಮೂರು ಸಲ ಮಾಡಿಸಬೇಕಾಗುತ್ತದೆ.

108ರಲ್ಲಿ ಕೆಲಸ

ನಮ್ಮನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಂಡಿಲ್ಲ. ಗಂಗಾವತಿ ಕಡೆಯಿಂದ ಬಳ್ಳಾರಿಗೆ ಬಾಣಂತಿಯನ್ನು ಕರೆತರುತ್ತೇವೆ. ದಾರಿಯಲ್ಲಿ ಬಿ.ಪಿ. ಎಷ್ಟಿತ್ತು, ಎಷ್ಟು ಬಾಟಲಿ ಹೋಯಿತು ಎಲ್ಲವೂ ನಮ್ಮ ಬಳಿ ಇರುತ್ತದೆ. ಕ್ಯಾಷುಯಾಲಿಟಿ ಬಾಗಿಲಲ್ಲಿ ಸ್ಟ್ರೆಚರ್ ಬದಲಾಯಿಸುವ ಗಡಿಬಿಡಿಯಲ್ಲಿ ನಾವು ಹೇಳಿದ್ದು ಗಾಳಿಗೆ ಹೋಗುತ್ತದೆ. ಚೀಟಿಗೆ ಸಹಿ ಹಾಕಿಸಿಕೊಂಡು ಹೊರಡುತ್ತೇವೆ.

ಮೇಡಂ, ನಿಮ್ಮ ಅಭ್ಯಾಸವನ್ನು ಆಂಬುಲೆನ್ಸ್ ಬಾಗಿಲಿನಿಂದ ಶುರು ಮಾಡಿ. ಈಗ ಏನಾಗಿದೆ, ಹಿಂದೆ ಏನಿತ್ತು, ನಮಗೆ ಏನನ್ನಿಸುತ್ತದೆ, ಈಗ ಏನು ಬೇಕು: ಈ ನಾಲ್ಕನ್ನು ಮುಗಿಸುವವರೆಗೆ ಎಲ್ಲರೂ ಸುಮ್ಮನಿರಬೇಕು. ಒಂದು ನಿಮಿಷವೂ ಹಿಡಿಯುವುದಿಲ್ಲ. ಅತ್ತೆಯ ಪಾತ್ರಕ್ಕೆ ಗಟ್ಟಿ ಗಂಟಲಿನವರನ್ನೇ ಹಾಕಿ. ನಿಜವಾದ ಪರೀಕ್ಷೆ ಅಲ್ಲಿರುತ್ತದೆ.

ಅರಿವಳಿಕೆ ವೈದ್ಯ, ರಾಯಚೂರು

ಇವರು ಹೇಳಿದ ನಾಲ್ಕು ಪ್ರಶ್ನೆಗಳ ಕ್ರಮ ಅಮೆರಿಕ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದದ್ದು. ನಮ್ಮಲ್ಲಿ ಕನ್ನಡದಲ್ಲೇ ಮಾಡಿಸಿ. ಇಂಗ್ಲಿಷಿನಲ್ಲಿ ಹೇಳಬೇಕು ಎಂದ ಕೂಡಲೇ ಅರ್ಧ ಜನ ವ್ಯಾಕರಣದ ಭಯಕ್ಕೆ ಬಾಯಿ ಮುಚ್ಚುತ್ತಾರೆ.

ರಾತ್ರಿ ಪಾಳಿ

ಡಾಕ್ಟರರು ಅರ್ಧವಾದರೂ ಒಪ್ಪಿದ್ದಕ್ಕೆ ಸಂತೋಷ. ಒಂದು ಮಾತು ನಾನೂ ಸೇರಿಸಬೇಕು.

ನಮ್ಮಲ್ಲಿ ಹೊರಗಿನಿಂದ ಬಂದ ತಂಡವೊಂದು ಲ್ಯಾಬಿನಲ್ಲಲ್ಲ, ನಮ್ಮ ಹೆರಿಗೆ ಕೋಣೆಯಲ್ಲೇ ಅಭ್ಯಾಸ ಮಾಡಿಸಿತ್ತು. ಮಾತುಕತೆ, ವೃತ್ತಾಕಾರ ಇವೆಲ್ಲ ನನಗೆ ಅಷ್ಟು ಹಿಡಿಸಲಿಲ್ಲ. ಆದರೆ ಆಕ್ಸಿಟೋಸಿನ್ ತರಲು ಓಡಿದ ಹುಡುಗಿ ಬಹಳ ಹೊತ್ತು ತಿರುಗಿ ಬರಲಿಲ್ಲ. ಯಾಕೆಂದರೆ ಫ್ರಿಜ್ ಇದ್ದದ್ದು ಲಸಿಕೆ ಕೋಣೆಯಲ್ಲಿ, ಕೋಣೆಗೆ ಬೀಗ, ಬೀಗದ ಕೈ ಫಾರ್ಮಸಿಯವರ ಬಳಿ, ಫಾರ್ಮಸಿಯವರು ಸಂಜೆಗೆ ಮನೆಗೆ. ನಾವು ಹಗಲಿನಲ್ಲೇ ನಾಲ್ಕಾರು ಆಂಪೂಲ್ ತಂದು ಟ್ರೇಯಲ್ಲಿ ಇಟ್ಟುಕೊಳ್ಳುತ್ತಿದ್ದೆವು. ಆ ಔಷಧ ಎರಡರಿಂದ ಎಂಟು ಡಿಗ್ರಿ ತಂಪಿನಲ್ಲಿ ಇರಬೇಕಾದದ್ದು. ರಾಯಚೂರಿನ ಮೇ ತಿಂಗಳಿನಲ್ಲಿ, ಕರೆಂಟ್ ಹೋದ ಕೋಣೆಯಲ್ಲಿ, ಟ್ರೇಯಲ್ಲಿದ್ದ ಆಂಪೂಲಿನಲ್ಲಿ ಎಷ್ಟು ಶಕ್ತಿ ಉಳಿದಿರುತ್ತದೆ? ಇದನ್ನು ನಾವು ಬಾಯಿಮಾತಿನಲ್ಲಿ ಹೇಳಿದಾಗ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಮೇಲಿನ ಅಧಿಕಾರಿಯ ಎದುರಿಗೇ ಹುಡುಗಿ ಬರಿಗೈಯಲ್ಲಿ ತಿರುಗಿ ಬಂದಳು ನೋಡಿ, ಆಮೇಲೆ ಹೆರಿಗೆ ಕೋಣೆಗೆ ಸಣ್ಣ ಫ್ರಿಜ್ ಬಂತು.

ಎರಡನೆಯ ನರ್ಸ್ ಇನ್ನೂ ಬಂದಿಲ್ಲ. ಅದನ್ನೂ ಬರೆದುಕೊಳ್ಳಿ.

ಬಳ್ಳಾರಿ ಓದುಗ

2024ರ ನವೆಂಬರ್‌ನಲ್ಲಿ ನಮ್ಮ ಊರಿನಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಈ ಡಮ್ಮಿ ಅಭ್ಯಾಸದಿಂದ ಅದು ತಪ್ಪುತ್ತಿತ್ತೇ?

ಅರಿವಳಿಕೆ ವೈದ್ಯ, ರಾಯಚೂರು

ಇಲ್ಲ. ಅಲ್ಲಿ ಎದ್ದದ್ದು ಡ್ರಿಪ್‌ನಲ್ಲಿ ಕೊಡುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಪ್ರಶ್ನೆ. ರಾಜ್ಯದ ಔಷಧ ನಿಯಂತ್ರಕರೇ ಅಮಾನತಾದರು. ಬಾಟಲಿಯೊಳಗಿನ ದೋಷವನ್ನು ಹಾಸಿಗೆಯ ಬಳಿ ನಿಂತ ತಂಡ ಸರಿಪಡಿಸಲಾರದು, ಅದನ್ನು ತಂಡದ ಮೇಲೆ ಹೊರಿಸುವುದೂ ಅನ್ಯಾಯ. ಆದರೆ ವಿದ್ಯಾರ್ಥಿಗಳಿಗೆ ಒಂದನ್ನು ಕಲಿಸಬಹುದು: ಒಂದೇ ವಾರ್ಡಿನಲ್ಲಿ ಇಬ್ಬರಿಗೆ ಒಂದೇ ರೀತಿ ಮೂತ್ರ ನಿಂತರೆ, 'ಇಬ್ಬರಿಗೂ ಸಾಮಾನ್ಯವಾದದ್ದು ಏನು' ಎಂದು ಯಾರಾದರೂ ಕೇಳಬೇಕು, ಬ್ಯಾಚ್ ಸಂಖ್ಯೆ ಬರೆದಿಡಬೇಕು, ಉಳಿದ ಬಾಟಲಿಗಳನ್ನು ತೆಗೆದಿಡಬೇಕು. ಹಾಗೆ ಕೇಳುವವರು ಹೆಚ್ಚಾಗಿ ವಾರ್ಡಿನಲ್ಲಿ ಇಡೀ ದಿನ ಇರುವ ಸಿಸ್ಟರ್ ಆಗಿರುತ್ತಾರೆ, ಹತ್ತು ನಿಮಿಷ ರೌಂಡ್ಸ್‌ಗೆ ಬರುವ ನಾವಲ್ಲ.

ಹೌಸ್ ಸರ್ಜನ್, ಬಳ್ಳಾರಿ

ಒಂದು ವಿನಂತಿ. ಇದಕ್ಕೆ ಅಂಕ ಇಡಬೇಡಿ. ಅಂಕ ಇಟ್ಟ ದಿನ ಪ್ರಸಂಗದ ಉತ್ತರ ಹಾಸ್ಟೆಲ್ಲಿಗೆ ತಲುಪಿರುತ್ತದೆ. 'ಮೆಥರ್ಜಿನ್ ಬೇಡ ಅನ್ನಬೇಕಂತೆ' ಎಂದು ಎಲ್ಲರೂ ಬಾಯಿಪಾಠ ಮಾಡಿಕೊಂಡು ಬರುತ್ತಾರೆ.

ಕೊಪ್ಪಳದ ಬೋಧಕಿ

ಅಂಕ ಇಡದಿದ್ದರೆ ಆಡಳಿತದವರು ವೇಳಾಪಟ್ಟಿಯಲ್ಲಿ ಜಾಗ ಕೊಡುವುದಿಲ್ಲ ತಮ್ಮಾ. ಹಾಜರಾತಿಗೆ ಮಾತ್ರ ಅಂಕ ಎಂದು ಬರೆಯುತ್ತೇನೆ, ನೋಡೋಣ. ವಿಡಿಯೊ ಕೂಡ ಬೇಡ ಎಂದುಕೊಂಡಿದ್ದೇನೆ. ನಮ್ಮ ಊರುಗಳಲ್ಲಿ ವಿಡಿಯೊ ಎಂದರೆ ಸಂಜೆಯೊಳಗೆ ಎಲ್ಲರ ವಾಟ್ಸ್‌ಆ್ಯಪಿನಲ್ಲಿ ಇರುತ್ತದೆ.

ಹಿರಿಯರು ಬೇಕೆಂದೇ ತಪ್ಪು ಆದೇಶ ಕೊಡುವ ಪ್ರಸಂಗದ ಬಗ್ಗೆ ನನಗೆ ಅಳುಕಿದೆ. ಮೊದಲ ದಿನವೇ ಹಾಗೆ ಮಾಡಿದರೆ 'ನಮ್ಮನ್ನು ಬೀಳಿಸಲು ಗುಂಡಿ ತೋಡಿದರು' ಎಂದುಕೊಳ್ಳುತ್ತಾರೆ. ಮೊದಲು ಸರಳ ರಕ್ತಸ್ರಾವ ಮಾಡಿಸುತ್ತೇನೆ. ಅಂದಾಜಿನಲ್ಲಿ ರಕ್ತ ನೋಡುವುದನ್ನು ಬಿಡಿಸಿ, ಅಳತೆ ಗೆರೆಗಳಿರುವ ಚೀಲ ಇಡುತ್ತೇನೆ. ಕಣ್ಣಳತೆ ಯಾವಾಗಲೂ ಕಡಿಮೆಯೇ ಹೇಳುತ್ತದೆ. 2023ರಲ್ಲಿ ಬಂದ ಆಫ್ರಿಕಾದ ನಾಲ್ಕು ದೇಶಗಳ ಅಧ್ಯಯನದಲ್ಲಿ ಇಂಥ ಚೀಲದ ಜೊತೆಗೆ ಗರ್ಭಕೋಶ ಉಜ್ಜುವುದು, ಆಕ್ಸಿಟೋಸಿನ್, ರಕ್ತ ಹೆಪ್ಪುಗಟ್ಟಲು ನೆರವಾಗುವ ಟ್ರಾನೆಕ್ಸಾಮಿಕ್ ಆಮ್ಲ, ಡ್ರಿಪ್ ದ್ರವ, ತಪಾಸಣೆ ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದ್ದರಿಂದ ತೀವ್ರ ರಕ್ತಸ್ರಾವ ಮುಂತಾದ ಅಪಾಯಗಳು ಶೇ 60ರಷ್ಟು ಇಳಿದವು. ಒಟ್ಟಿಗೆ ಶುರು ಮಾಡಲು ಐದಾರು ಕೈ ಬೇಕು, ಕೈಗಳ ನಡುವೆ ಮಾತು ಬೇಕು. ನನ್ನ ಅಭ್ಯಾಸಕ್ಕೆ ಅಷ್ಟು ಸಾಕು.

ಅವಧಿ ಮೀರಿದ ಆಂಪೂಲ್, ಬಾಟಲಿ ಯಾರ ಬಳಿಯಾದರೂ ಇವೆಯೇ? ಅಭ್ಯಾಸಕ್ಕೆ ಬೇಕಿತ್ತು.

ಫಾರ್ಮಸಿ ಕಿಟಕಿ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ, ಈ ಕೊನೆಯ ಸಾಲು ನೋಡಿ ಸುಮ್ಮನಿರಲು ಆಗಲಿಲ್ಲ. ಬೇಡ ಮೇಡಂ. ಅವಧಿ ಮೀರಿದ್ದನ್ನು ಬೋಧನೆಗೆ ಎಂದು ಒಯ್ದ ಬಾಟಲಿ ಟ್ರಾಲಿಯ ಕೆಳಗಿನ ಖಾನೆಯಲ್ಲಿ ಉಳಿದು, ಮಾರನೆಯ ದಿನ ನಿಜವಾದ ರೋಗಿಗೆ ಹತ್ತುತ್ತದೆ. ಊಹೆಯಲ್ಲ. 2014ರ ಕೊನೆಯಲ್ಲಿ ಅಮೆರಿಕದಲ್ಲಿ ತರಬೇತಿಗೆಂದೇ ತಯಾರಿಸಿದ, ಶುದ್ಧೀಕರಿಸದ ಸಲೈನ್ ಚೀಲಗಳು ಚಿಕಿತ್ಸಾಲಯಗಳಿಗೆ ಸೇರಿ, 40ಕ್ಕೂ ಹೆಚ್ಚು ರೋಗಿಗಳಿಗೆ ಹೋದವು. ಅವರಲ್ಲಿ ಒಬ್ಬರು ಸತ್ತರು.

ಅವಧಿ ಮೀರಿದ ಆಂಪೂಲಿನ ಬದಲು ಕುಡಿಯುವ ನೀರು ತುಂಬಿದ ಸಣ್ಣ ಸೀಸೆ ಬಳಸಿ. 'ತರಬೇತಿಗೆ ಮಾತ್ರ, ರೋಗಿಗೆ ಕೊಡಬಾರದು' ಎಂಬ ಕೆಂಪು ಚೀಟಿ ಪ್ರತಿಯೊಂದರ ಮೇಲೂ ಇರಲಿ. ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಎಂದು ಎಣಿಸಿ ಇಬ್ಬರು ಸಹಿ ಹಾಕಿ. ವಾರ್ಡಿನಲ್ಲೇ ಮಾಡಿಸುವುದಾದರೆ ನಿಮ್ಮ ಟ್ರೇ ವಾರ್ಡಿನ ಟ್ರಾಲಿಯನ್ನು ಮುಟ್ಟಲೂಬಾರದು.

ಕೊಪ್ಪಳದ ಬೋಧಕಿ

ಸರಿ ಅಣ್ಣಾ, ಅವಧಿ ಮೀರಿದ್ದು ಬೇಡವೇ ಬೇಡ. ಚೀಟಿಯ ಮಾದರಿ ನಿಮ್ಮ ಬಳಿ ಇದ್ದರೆ ಇಲ್ಲೇ ಹಾಕಿ. ಎಣಿಕೆಯ ಪುಸ್ತಕವನ್ನು ಯಾರ ಕೈಗೆ ಕೊಡಲಿ, ವಿದ್ಯಾರ್ಥಿಗಳಿಗೋ ಬೋಧಕರಿಗೋ?

ಫಾರ್ಮಸಿ ಕಿಟಕಿ

ವಿದ್ಯಾರ್ಥಿಗಳಿಗೆ. ಒಬ್ಬ ನರ್ಸಿಂಗ್ ವಿದ್ಯಾರ್ಥಿ, ಒಬ್ಬ ಹೌಸ್ ಸರ್ಜನ್, ಇಬ್ಬರ ಸಹಿಯೂ ಬೇಕು. ಎಣಿಕೆ ಸರಿಹೊಂದುವವರೆಗೆ ಚಹಾ ಕೊಡಬೇಡಿ.